ಅಜ್ಜನ ರಿವಾಲ್ವರು ಲಂಡನ್ನಿಗೆ ಬರುವಂತಿಲ್ಲ

ಅಪ್ಪ ತೀರಿಕೊಂಡ ಮೇಲೆ ಊರಿನ ಮನೆಯ ಬೀರು ತೆಗೆಯುತ್ತೀರಿ. ಜಮೀನಿನ ಪತ್ರಗಳ ಕೆಳಗೆ ಒಂದು ಚರ್ಮದ ಚೀಲ, ಅದರೊಳಗೆ ಅಜ್ಜನ ಕಾಲದ ರಿವಾಲ್ವರು. ಅಣ್ಣ ಬೆಂಗಳೂರಿನಲ್ಲಿದ್ದಾನೆ, ನೀವು ಲಂಡನ್ನಿನ ಹ್ಯಾರೋದಲ್ಲೋ ಕ್ರಾಯ್ಡನ್‌ನಲ್ಲೋ ಇದ್ದೀರಿ. "ಅಜ್ಜನ ನೆನಪಿಗೆ ನೀನೇ ಇಟ್ಕೊ, ಅಲ್ಲಿ ಲೈಸೆನ್ಸ್ ಮಾಡಿಸಿ ತರಿಸಿಕೊಳ್ಳೋ ದಾರಿ ಇದ್ದೇ ಇರುತ್ತೆ" ಎಂದು ಅಣ್ಣ ಹೇಳುತ್ತಾನೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಕಡೆಯ ತೋಟದ ಮನೆಗಳಲ್ಲಿ ಇಂಥ ಮಾತು ಸಹಜ. ಕೋವಿ ಅಲ್ಲಿ ಮನೆಯ ಸಾಮಾನುಗಳಲ್ಲಿ ಒಂದು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಚೀಟಿ ತರುವುದು, ಮುಗಿದ ಮೇಲೆ ಬಿಡಿಸಿಕೊಂಡು ಬರುವುದು ಅಲ್ಲಿನವರಿಗೆ ಹೊಸದಲ್ಲ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆ ರಿವಾಲ್ವರನ್ನು ಲಂಡನ್ನಿನ ನಿಮ್ಮ ಮನೆಗೆ ತರಲು ಸಾಮಾನ್ಯ ನಾಗರಿಕನಿಗೆ ದಾರಿ ಇಲ್ಲ. ಶುಲ್ಕ ಕಟ್ಟಿ, ಅರ್ಜಿ ಹಾಕಿ, ಆರು ತಿಂಗಳು ಕಾದರೆ ಸಿಗುವಂಥದ್ದಲ್ಲ ಇದು. ಗೊತ್ತಿಲ್ಲದೆ ತಂದರೂ ಜೈಲು ಕಾದಿದೆ. ಆದರೂ ಕೈಕೋವಿಯ ವಿಷಯದಲ್ಲಿ ಲಂಡನ್ನಿನಲ್ಲಿ ತೆರೆದಿರುವ ಕೆಲವು ಸಣ್ಣ ಬಾಗಿಲುಗಳಿವೆ. ಅವು ಯಾವುವು, ಎಲ್ಲಿಗೆ ತೆರೆಯುತ್ತವೆ ಎಂದು ತಿಳಿದಿದ್ದರೆ ಕ್ರೀಡೆಯ ಆಸಕ್ತಿಯವರಿಗೂ ಹಳೆಯ ವಸ್ತುಗಳ ಸಂಗ್ರಾಹಕರಿಗೂ ಅನುಕೂಲ. ಬಾಗಿಲು ಎಲ್ಲಿ ಮುಚ್ಚಿದೆ ಎಂದು ತಿಳಿದುಕೊಳ್ಳುವುದು ಇನ್ನೂ ಮುಖ್ಯ.

ಬ್ರಿಟನ್ನಿನ ಬಂದೂಕು ಕಾನೂನಿನ ತಾಯಿಬೇರು 1968ರ ಫೈರ್‌ಆರ್ಮ್ಸ್ ಕಾಯ್ದೆ. ಅದರ 1ನೇ ಸೆಕ್ಷನ್ನಿಗೆ ಬರುವುದು ರೈಫಲ್‌ನಂಥವು, 2ನೇ ಸೆಕ್ಷನ್ನಿಗೆ ಶಾಟ್‌ಗನ್, ಅಂದರೆ ನಮ್ಮ ಜೋಡುನಳಿಗೆ ಕೋವಿಯ ಜಾತಿ. ಇವೆರಡಕ್ಕೂ ಪೊಲೀಸರು ಪ್ರಮಾಣಪತ್ರ ಕೊಡುತ್ತಾರೆ. 5ನೇ ಸೆಕ್ಷನ್ ನಿಷೇಧಿತ ಆಯುಧಗಳದ್ದು. ಅಲ್ಲಿ ಪೊಲೀಸರ ಪತ್ರ ಸಾಲದು, ಗೃಹ ಸಚಿವರ ಅಧಿಕಾರಪತ್ರವೇ ಬೇಕು. ನಳಿಗೆ 30 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ, ಅಥವಾ ಒಟ್ಟು ಉದ್ದ 60 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ, ಆ ಬಂದೂಕು ಈ ಪಟ್ಟಿಗೆ ಬೀಳುತ್ತದೆ. ಗಾಳಿ ಪಿಸ್ತೂಲು ಮತ್ತು ನಳಿಗೆಯ ಬಾಯಿಂದ ಮದ್ದು ತುಂಬುವ ಪಿಸ್ತೂಲಿಗೆ ವಿನಾಯಿತಿ ಇದೆ. ಅಜ್ಜನ ರಿವಾಲ್ವರಿನ ನಳಿಗೆ ಒಂದು ಗೇಣೂ ಇರುವುದಿಲ್ಲ.

ಹೀಗೆ ಸೆಂಟಿಮೀಟರ್ ಲೆಕ್ಕ ಹಿಡಿದು ಬೇಲಿ ಹಾಕಿದ್ದಕ್ಕೆ ಕಾರಣ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಎಂಬ ಪುಟ್ಟ ಊರು. 1996ರ ಮಾರ್ಚ್ 13ರ ಬೆಳಿಗ್ಗೆ ಅಲ್ಲಿನ ಪ್ರಾಥಮಿಕ ಶಾಲೆಯ ವ್ಯಾಯಾಮ ಕೋಣೆಗೆ ನುಗ್ಗಿದವನೊಬ್ಬ 16 ಮಕ್ಕಳನ್ನೂ ಅವರ ಶಿಕ್ಷಕಿ ಗ್ವೆನ್ ಮೇಯರ್ ಅವರನ್ನೂ ಕೊಂದ. ಮಕ್ಕಳೆಲ್ಲ ಐದಾರು ವರ್ಷದವರು. ಅವನ ಕೈಯಲ್ಲಿದ್ದ ಕೈಕೋವಿಗಳಿಗೆಲ್ಲ ಲೈಸೆನ್ಸ್ ಇತ್ತು. ಮುಂದೆ ವಿಂಬಲ್ಡನ್ ಗೆದ್ದ ಆ್ಯಂಡಿ ಮರ್ರೆ ಅಂದು ಅದೇ ಶಾಲೆಯ ವಿದ್ಯಾರ್ಥಿ. ಮಕ್ಕಳನ್ನು ಕಳೆದುಕೊಂಡವರೂ ಅವರ ನೆರೆಹೊರೆಯವರೂ ಸಹಿ ಸಂಗ್ರಹಿಸಿದರು. ಆ ಹೊತ್ತಿಗೆ ಅರಳಿದ್ದ ಹೂವಿನ ಹೆಸರಿನಿಂದ ಅದಕ್ಕೆ ಸ್ನೋಡ್ರಾಪ್ ಅಭಿಯಾನ ಎಂಬ ಹೆಸರಾಯಿತು. 1997ರಲ್ಲಿ ಜಾನ್ ಮೇಜರ್ ಸರ್ಕಾರ .22 ಅಳತೆಗಿಂತ ದೊಡ್ಡ ಕೈಕೋವಿಗಳನ್ನು ನಿಷೇಧಿಸಿತು. ಅದೇ ವರ್ಷ ಬಂದ ಟೋನಿ ಬ್ಲೇರ್ ಸರ್ಕಾರ .22 ಅನ್ನೂ ಸೇರಿಸಿತು. ಸುಮಾರು 1,62,000 ಕೈಕೋವಿಗಳನ್ನು ಜನ ಪೊಲೀಸರಿಗೆ ಒಪ್ಪಿಸಿ ಪರಿಹಾರ ಪಡೆದರು. ಲಂಡನ್ನಿನಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವ ತಾಯಿಯಾಗಿ ನಾನು ಈ ಕಾನೂನಿನ ಪರ. ಅದು ಅತಿಯಾಯಿತು ಎನ್ನುವ ಗುರಿಕಾರರ ನೋವೂ ನನಗೆ ಅರ್ಥವಾಗುತ್ತದೆ. ಅವರಲ್ಲಿ ಬಹಳ ಜನ ಜೀವಮಾನವಿಡೀ ಕಲಿತ ಕ್ರೀಡೆಯನ್ನು ಬಿಟ್ಟುಕೊಟ್ಟರು.

ಶಿಕ್ಷೆಯ ಮಾತು ಬಿಡಿಸಿ ಹೇಳಬೇಕು. ಇಂಥ ಕೈಕೋವಿ ಬಳಿ ಇದ್ದರೆ ವಯಸ್ಕರಿಗೆ ಕನಿಷ್ಠ 5 ವರ್ಷ, ಗರಿಷ್ಠ 10 ವರ್ಷ ಜೈಲು. ಈ ಕನಿಷ್ಠ ಮಿತಿ 2003ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯಿಂದ ಬಂತು. ತೀರ ಅಸಾಧಾರಣ ಸಂದರ್ಭ ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಮಾತ್ರ ಇಳಿಸಬಹುದು. ದೇಶದೊಳಗೆ ಕಳ್ಳಸಾಗಣೆ ಮಾಡಿ ತಂದರೆ ಜೀವಾವಧಿಯವರೆಗೂ ಹೋಗಬಹುದು. "ಅದು ನಿಷೇಧಿತ ಅಂತ ಗೊತ್ತಿರಲಿಲ್ಲ" ಎನ್ನುವುದು ಇಲ್ಲಿ ಪ್ರತಿವಾದ ಅಲ್ಲ. ಆತ್ಮರಕ್ಷಣೆಗೆ ಬೇಕಿತ್ತು ಎನ್ನುವುದಂತೂ ಲೈಸೆನ್ಸಿನ ಅರ್ಜಿಯಲ್ಲಿ ಬರೆಯಬಾರದ ಕಾರಣ; ಇಂಗ್ಲೆಂಡಿನಲ್ಲಿ ಅದನ್ನು ತಕ್ಕ ಕಾರಣವೆಂದು ಒಪ್ಪುವುದಿಲ್ಲ.

ಇದೇ 5ನೇ ಸೆಕ್ಷನ್ನಿನಲ್ಲಿ ನಮ್ಮವರು ಊಹಿಸದ ಇನ್ನೊಂದು ವಸ್ತು ಕೂತಿದೆ: ಪೆಪ್ಪರ್ ಸ್ಪ್ರೇ. ಬೆಂಗಳೂರಿನಲ್ಲಿ ಮಗಳು ಕಾಲೇಜಿಗೆ ಹೊರಟರೆ ಅಮ್ಮಂದಿರು ಬ್ಯಾಗಿಗೆ ಹಾಕಿ ಕಳಿಸುವ ಡಬ್ಬಿ ಇಲ್ಲಿ ನಿಷೇಧಿತ ಆಯುಧ. ಕರೆಂಟ್ ಶಾಕ್ ಕೊಡುವ ಸ್ಟನ್ ಗನ್ನೂ ಹಾಗೆಯೇ. ಅದು ಟಾರ್ಚಿನ ರೂಪದಲ್ಲೋ ಮೊಬೈಲಿನ ರೂಪದಲ್ಲೋ ಇದ್ದರೆ ಐದು ವರ್ಷದ ಕನಿಷ್ಠ ಶಿಕ್ಷೆ ಅದಕ್ಕೂ ತಾಗುತ್ತದೆ. ಓದಲು ಬರುವ ಹುಡುಗಿಯರ ಸೂಟ್‌ಕೇಸ್ ಕಟ್ಟುವಾಗ ದಯವಿಟ್ಟು ಇದನ್ನು ನೆನಪಿಡಿ. ದೀಪಾವಳಿಯ ರೋಲ್‌ಕ್ಯಾಪ್ ಪಿಸ್ತೂಲಿನ ಬಗ್ಗೆಯೂ ಒಂದು ಮಾತು: ಥೇಟ್ ನಿಜದಂತೆ ಕಾಣುವ ಆಟಿಕೆ ಕೋವಿಗಳ ಮಾರಾಟ ಮತ್ತು ಆಮದನ್ನು 2006ರ ಕಾಯ್ದೆ ತಡೆದಿದೆ. ಮೊಮ್ಮಗನಿಗೆ ತರುವುದಿದ್ದರೆ ಕೆಂಪು, ಹಳದಿಯದು ತನ್ನಿ, ಅದೂ ಮನೆಯೊಳಗೆ ಆಡಲು. ರಾಜ್ಯೋತ್ಸವದ ನಾಟಕದಲ್ಲಿ ಇನ್‌ಸ್ಪೆಕ್ಟರನ ಪಾತ್ರವಿದ್ದರೂ ಕಪ್ಪು ಪಿಸ್ತೂಲು ಹಿಡಿದು ಟ್ಯೂಬಿನಲ್ಲಿ ಸಭಾಂಗಣಕ್ಕೆ ಹೋಗಬೇಡಿ.

ಈಗ ಬೀರುವಿನ ರಿವಾಲ್ವರಿಗೆ ಬರೋಣ. "ಅದು ನೂರು ವರ್ಷ ಹಳೆಯದು, ಪುರಾತನ ವಸ್ತು" ಎಂಬ ವಾದ ಬಂದೇ ಬರುತ್ತದೆ. ಬ್ರಿಟನ್ನಿನ ಕಾನೂನಿನಲ್ಲಿ ಪುರಾತನ ಬಂದೂಕಿಗೆ ಜಾಗ ಇರುವುದು ನಿಜ. 1968ರ ಕಾಯ್ದೆಯ 58ನೇ ಸೆಕ್ಷನ್ ಪ್ರಕಾರ ಕೌತುಕದ ಅಥವಾ ಅಲಂಕಾರದ ವಸ್ತುವಾಗಿ ಇಟ್ಟ ಪುರಾತನ ಬಂದೂಕಿಗೆ ಪ್ರಮಾಣಪತ್ರವೇ ಬೇಡ, ಕೊಳ್ಳಬಹುದು, ಮಾರಬಹುದು. ಯಾವುದು ಪುರಾತನ ಎಂಬುದನ್ನು 2021ರ ಮಾರ್ಚ್ 22ರಿಂದ ಜಾರಿಗೆ ಬಂದ ನಿಯಮಗಳು ಬಿಗಿಯಾಗಿ ಬರೆದಿವೆ. 1939ರ ಸೆಪ್ಟೆಂಬರ್ 1ಕ್ಕಿಂತ ಮುಂಚೆ ತಯಾರಾಗಿರಬೇಕು. ಅದರ ಜೊತೆಗೆ ಬಾಯಿಂದ ಮದ್ದು ತುಂಬುವಂಥ ಹಳೆಯ ಬಗೆಯದ್ದೋ, ಈಗ ಬಳಕೆಯಲ್ಲಿಲ್ಲವೆಂದು ಪಟ್ಟಿ ಮಾಡಿದ ತೋಟಾದ್ದೋ ಆಗಿರಬೇಕು. ಅಂದರೆ ವಯಸ್ಸೊಂದೇ ಸಾಲದು, ತೋಟಾದ ಅಳತೆ ತೀರ್ಮಾನಿಸುತ್ತದೆ. ಹಳೆಯ ರಿವಾಲ್ವರಿಗೆ ಹೊಸ ತೋಟಾ ಮಾಡಿಸಿ ಅಪರಾಧಕ್ಕೆ ಬಳಸುವುದು ಹೆಚ್ಚಿದ್ದರಿಂದ ಆ ನಿಯಮಗಳು .320 ಬ್ರಿಟಿಷ್, .41 ಕೋಲ್ಟ್, .44 ರಷ್ಯನ್, .442 ಸೇರಿದಂತೆ ಏಳು ಬಗೆಯ ತೋಟಾಗಳನ್ನು ಪಟ್ಟಿಯಿಂದ ತೆಗೆದವು. ನಿನ್ನೆಯವರೆಗೆ ಗೋಡೆಯ ಅಲಂಕಾರವಾಗಿದ್ದ ಕೋವಿ ಒಂದೇ ದಿನದಲ್ಲಿ ಪ್ರಮಾಣಪತ್ರ ಬೇಡುವ ಆಯುಧವಾಯಿತು. ಮಾಲೀಕರಿಗೆ ಆರು ತಿಂಗಳ ಗಡುವು ಕೊಟ್ಟರು. ಆದ್ದರಿಂದ ಲಂಡನ್ನಿನ ಹರಾಜಿನಲ್ಲಿ ಇಪ್ಪತ್ತು ವರ್ಷದ ಹಿಂದೆ ಕೊಂಡ ಪುರಾತನ ಪಿಸ್ತೂಲು ನಿಮ್ಮಲ್ಲಿದ್ದರೆ, ಆಗಿನ ರಸೀದಿಯನ್ನು ನಂಬಿ ಕೂರಬೇಡಿ.

ನಮ್ಮ ಮನೆಗಳಲ್ಲಿ ಸಿಗುವ ಬ್ರಿಟಿಷರ ಕಾಲದ ರಿವಾಲ್ವರು ಬಹುಮಟ್ಟಿಗೆ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿಯದು. ಸೈನ್ಯದ ಅಧಿಕಾರಿಗಳು ಇಟ್ಟುಕೊಳ್ಳುತ್ತಿದ್ದ .455 ಅಳತೆಯ ವೆಬ್ಲಿ, ಬಳಕೆಯಲ್ಲಿಲ್ಲದ ತೋಟಾಗಳ ಆ ಪಟ್ಟಿಯಲ್ಲಿ ಇಲ್ಲ. ಮೊದಲ ಮಹಾಯುದ್ಧದಲ್ಲಿ ಮುತ್ತಜ್ಜ ಹಿಡಿದದ್ದಾದರೂ ಅದು ಲಂಡನ್ನಿನಲ್ಲಿ ಅಲಂಕಾರದ ವಸ್ತುವಾಗಲಾರದು.

ಇತ್ತ ಭಾರತದ ಬಾಗಿಲೂ ಮುಚ್ಚಿದೆ. ನೂರು ವರ್ಷ ದಾಟಿದ ವಸ್ತುವನ್ನು 1972ರ ಪುರಾತನ ವಸ್ತುಗಳ ಕಾಯ್ದೆ ಖಾಸಗಿಯವರು ಹೊರದೇಶಕ್ಕೆ ಒಯ್ಯಲು ಬಿಡುವುದಿಲ್ಲ. ನೂರು ವರ್ಷ ಆಗದಿದ್ದರೆ 1959ರ ಆಯುಧ ಕಾಯ್ದೆಯ 10ನೇ ಸೆಕ್ಷನ್ನಿನ ರಫ್ತು ಲೈಸೆನ್ಸ್ ಬೇಕು, ಆಚೆ ದಡದಲ್ಲಿ ಬ್ರಿಟನ್ನಿನ 5ನೇ ಸೆಕ್ಷನ್ ತಡೆದು ನಿಲ್ಲುತ್ತದೆ. ಹಳೆಯದಾದರೆ ಈ ಗೋಡೆ, ಹೊಸದಾದರೆ ಆ ಗೋಡೆ.

ಕೊಡಗಿನವರು ಕೇಳಬಹುದು: ನಮಗೆ ಲೈಸೆನ್ಸೇ ಬೇಡವಲ್ಲ? ಹೌದು, ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ, 1861ರಲ್ಲಿ, ಕೊಡವರಿಗೆ ನಿಶ್ಶಸ್ತ್ರೀಕರಣದ ಕಾನೂನಿನಿಂದ ಸಿಕ್ಕ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಇಂದಿಗೂ ನಡೆದುಬಂದಿದೆ. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಹಿಡುವಳಿ ಇದ್ದವರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ, 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವ, ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಹೊಡೆದು ಊರಿಗೆ ತಿಳಿಸುವ ಸಂಸ್ಕೃತಿಗೆ ಅದು ಕಾನೂನು ಕೊಟ್ಟ ಗೌರವ. ಆದರೆ ಆ ವಿನಾಯಿತಿ ಭಾರತದ ಕಾಯ್ದೆಯಿಂದ ಕೊಟ್ಟದ್ದು, ಸಮುದ್ರ ದಾಟುವುದಿಲ್ಲ. ಹೀಥ್ರೋದಲ್ಲಿ ಕೊಡವನೂ ಬಯಲುಸೀಮೆಯವನೂ ಒಂದೇ.

ಹಾಗಾದರೆ ಊರಿನಲ್ಲಿ ಉಳಿದ ಕೋವಿಗೆ ಏನು ಮಾಡಬೇಕು? ಲೈಸೆನ್ಸ್ ಇದ್ದದ್ದು ಅಪ್ಪನ ಹೆಸರಿಗೆ. ಅಪ್ಪ ಹೋದ ದಿನವೇ ಅದನ್ನು ಮನೆಯಲ್ಲಿಡುವ ಹಕ್ಕೂ ಹೋಯಿತು. ಆಯುಧ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕು. ತಿಥಿ ಮುಗಿಯಲಿ ಎಂದು ಕಾಯಬೇಡಿ. ಠೇವಣಿಯ ರಸೀದಿಯಲ್ಲಿ ಕೋವಿಯ ನಂಬರು, ತೋಟಾದ ಲೆಕ್ಕ ಸರಿಯಾಗಿದೆಯೇ ಎಂದು ಓದಿ ಸಹಿ ಹಾಕಿ. ಆಮೇಲೆ ಊರಿನಲ್ಲಿರುವ ವಾರಸುದಾರ ತನ್ನ ಹೆಸರಿಗೆ ಲೈಸೆನ್ಸ್ ಕೇಳಬಹುದು, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಜೊತೆಗಿಟ್ಟು. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಅಣ್ಣನಿಗೆ ಆಗಲೇ ಎರಡಿದ್ದರೆ ಬೇರೆಯವರ ಹೆಸರಿಗೋ ಮಾರಾಟಕ್ಕೋ ಯೋಚಿಸಬೇಕು. ಲೈಸೆನ್ಸ್ ಇದ್ದವರು ಲೈಸೆನ್ಸ್ ಇದ್ದ ಇನ್ನೊಬ್ಬರಿಗೆ ಖಾಸಗಿಯಾಗಿ ಮಾರುವುದಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಠಾಣಾಧಿಕಾರಿಗೆ ಬರೆದು ತಿಳಿಸಿ 45 ದಿನ ಕಾಯಬೇಕು. ಕೊಳ್ಳುವವರು ಕೇರಳದವರೋ ಗೋವಾದವರೋ ಆದರೆ ಅವರ ಲೈಸೆನ್ಸ್ ಯಾವ ಪ್ರದೇಶಕ್ಕೆ ಊರ್ಜಿತ ಎಂದು ಮೊದಲು ನೋಡಿ. ಒಂದೇ ರಾಜ್ಯಕ್ಕೆ ಕೊಟ್ಟ ಲೈಸೆನ್ಸಿನ ಮೇಲೆ ಗಡಿ ದಾಟಿ ಕೋವಿ ಒಯ್ದರೆ, ಎರಡೂ ಕಡೆ ಕಾಗದ ಇದ್ದರೂ ಅಪರಾಧವೇ.

ಇನ್ನೊಂದು ಸಂದರ್ಭ ಲಂಡನ್ನಿನೊಳಗೇ ಎದುರಾಗುತ್ತದೆ. ಹಳೆಯ ಮನೆ ಕೊಂಡಿರಿ, ಅಟ್ಟದ ಮೇಲೆ ತಗಡಿನ ಡಬ್ಬಿಯಲ್ಲಿ ಯುದ್ಧಕಾಲದ ಪಿಸ್ತೂಲು ಸಿಕ್ಕಿತು. ಮುಟ್ಟಬೇಡಿ. ತೋಟಾ ಇದೆಯೋ ಇಲ್ಲವೋ ಎಂದು ತೆರೆದು ನೋಡುವುದೂ ಬೇಡ. ಅದನ್ನು ಕೈಚೀಲಕ್ಕೆ ಹಾಕಿಕೊಂಡು ಠಾಣೆಗೆ ನಡೆದು ಹೋಗುವುದು ಪ್ರಾಮಾಣಿಕರು ಮಾಡುವ ದೊಡ್ಡ ತಪ್ಪು; ದಾರಿಯಲ್ಲಿ ನಿಮ್ಮನ್ನು ತಡೆದವರಿಗೆ ನಿಮ್ಮ ಮನಸ್ಸು ಕಾಣುವುದಿಲ್ಲ. 101ಕ್ಕೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿ, ಅವರು ಹೇಳಿದಂತೆ ಮಾಡಿ. ಪ್ರಮಾಣಪತ್ರ ಇದ್ದ ಬಂಧುವೋ ನೆರೆಯವರೋ ತೀರಿಕೊಂಡು ಉಯಿಲಿನ ಜವಾಬ್ದಾರಿ ನಿಮ್ಮ ಮೇಲೆ ಬಂದಿದ್ದರೆ, ಅವರ ಬಂದೂಕನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ಪೊಲೀಸರು ಒಂದು ಪರ್ಮಿಟ್ ಕೊಡುತ್ತಾರೆ. ಅಥವಾ ನೋಂದಾಯಿತ ವ್ಯಾಪಾರಿಯೇ ಬಂದು ಒಯ್ಯಬಹುದು. ಕೈಕೋವಿಯಾದರೆ ಎಲ್ಲ ವ್ಯಾಪಾರಿಗಳೂ ಮುಟ್ಟುವಂತಿಲ್ಲ, 5ನೇ ಸೆಕ್ಷನ್ನಿನ ಅಧಿಕಾರಪತ್ರ ಇದ್ದವರೇ ಬೇಕು. ಕರೆಯುವ ಮುಂಚೆ ಇದನ್ನು ಕೇಳಿಕೊಳ್ಳಿ.

ತೆರೆದಿರುವ ಬಾಗಿಲುಗಳ ಮಾತಿಗೆ ಮುನ್ನ ವೂಲಿಚ್‌ನ ಒಂದು ದಿನ ನೆನಪಾಗುತ್ತದೆ. 2012ರ ಆಗಸ್ಟ್ 3. ಆಗ್ನೇಯ ಲಂಡನ್ನಿನ ರಾಯಲ್ ಆರ್ಟಿಲರಿ ಬ್ಯಾರಕ್ಸ್ ಅಂಗಳದಲ್ಲಿ ಹಿಮಾಚಲದ ವಿಜಯ್ ಕುಮಾರ್ 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಭಾರತಕ್ಕೆ ಬೆಳ್ಳಿ ತಂದರು. ಅವರು ಹಿಡಿದದ್ದು ಲಂಡನ್ನಿನ ಪ್ರಜೆಗೆ ನಿಷಿದ್ಧವಾದ ಜಾತಿಯ ಪಿಸ್ತೂಲು! ಒಲಿಂಪಿಕ್ಸಿಗಾಗಿ ಗೃಹ ಸಚಿವರು ವಿಶೇಷ ಅನುಮತಿ ಕೊಟ್ಟಿದ್ದರು. ನಿಷೇಧದ ನಂತರ ಬ್ರಿಟನ್ನಿನ ಪಿಸ್ತೂಲು ಕ್ರೀಡಾಪಟುಗಳು ಅಭ್ಯಾಸಕ್ಕೇ ಹೊರದೇಶಕ್ಕೆ ಹೋಗಬೇಕಾಗಿತ್ತು. ಕಾನೂನು ಯಾರಿಗೆ, ಯಾವ ಜಾಗದಲ್ಲಿ, ಎಷ್ಟು ದಿನ ಎಂದು ಅಳೆದು ಕೊಡುವ ಅನುಮತಿ ಹೇಗಿರುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮಗನಿಗೋ ಮಗಳಿಗೋ ವಿಜಯ್ ಕುಮಾರ್ ಆಗುವ ಆಸೆ ಇದ್ದರೆ ಗಾಳಿ ಪಿಸ್ತೂಲಿನಿಂದ ಶುರು ಮಾಡುವುದು ಸರಿಯಾದ ದಾರಿ. 10 ಮೀಟರಿನ ಒಲಿಂಪಿಕ್ ಸ್ಪರ್ಧೆ ನಡೆಯುವುದು ಅದರಲ್ಲೇ. ಇಂಗ್ಲೆಂಡಿನಲ್ಲಿ 6 ಫೂಟ್-ಪೌಂಡ್ ಶಕ್ತಿಯೊಳಗಿನ ಗಾಳಿ ಪಿಸ್ತೂಲಿಗೆ ಪ್ರಮಾಣಪತ್ರ ಬೇಡ, ಕೊಳ್ಳುವವರಿಗೆ 18 ತುಂಬಿರಬೇಕು. ಅಂಗಡಿಯವರು ನೋಂದಾಯಿತರಾಗಿರಬೇಕು, ಮುಖಾಮುಖಿ ಕೈಗೆ ಕೊಡಬೇಕು. ಆ ಶಕ್ತಿಯ ಮಿತಿ ದಾಟಿದರೆ ಅದೂ 5ನೇ ಸೆಕ್ಷನ್ನಿಗೆ ಬೀಳುತ್ತದೆ. ಸ್ಪ್ರಿಂಗ್ ಬದಲಿಸಿ ಜೋರು ಮಾಡಿಕೊಡುತ್ತೇನೆ ಎನ್ನುವವರ ಹತ್ತಿರ ಸುಳಿಯಬೇಡಿ. ಮನೆಯಲ್ಲಿ ಮಕ್ಕಳ ಕೈಗೆ ಸಿಗದಂತೆ ಎಚ್ಚರ ವಹಿಸುವುದು 2011ರಿಂದ ಕಾನೂನಿನ ಕರ್ತವ್ಯ. ಕ್ಲಬ್ಬಿಗೆ ಒಯ್ಯುವಾಗ ಪೆಟ್ಟಿಗೆಯಲ್ಲಿ ಮುಚ್ಚಿ ನೇರ ಹೋಗಿ ನೇರ ಬನ್ನಿ.

ಗಡಿಯ ಸಮಸ್ಯೆ ಇಲ್ಲಿಯೂ ಇದೆ, ಬಹಳ ಜನ ಎಡವುವುದು ಇಲ್ಲೇ. ಲಂಡನ್ನಿನಲ್ಲಿ ಕಾಗದವಿಲ್ಲದೆ ಇಟ್ಟುಕೊಳ್ಳಬಹುದಾದ ಗಾಳಿ ಪಿಸ್ತೂಲನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಎಡಿನ್‌ಬರಕ್ಕೆ ಹೋದರೆ ಅಪರಾಧವಾಗುತ್ತದೆ. 2016ರ ಡಿಸೆಂಬರ್ 31ರಿಂದ ಸ್ಕಾಟ್ಲೆಂಡಿನಲ್ಲಿ ಗಾಳಿ ಕೋವಿಗೂ ಪ್ರಮಾಣಪತ್ರವೋ ಪ್ರವಾಸಿ ಪರ್ಮಿಟ್ಟೋ ಬೇಕು. ಉತ್ತರ ಐರ್ಲೆಂಡಿನ ಕಥೆ ತಿರುಗುಮುರುಗು. 1997ರ ನಿಷೇಧ ಅಲ್ಲಿಗೆ ಅನ್ವಯಿಸಲೇ ಇಲ್ಲ. ಅಲ್ಲಿನ ಪೊಲೀಸರ ಪ್ರಮಾಣಪತ್ರ ಪಡೆದು ಗುರಿ ಸ್ಪರ್ಧೆಗೆ ಕೈಕೋವಿ ಇಟ್ಟುಕೊಳ್ಳಬಹುದು. ಹಾಗೆಂದು ಬೆಲ್‌ಫಾಸ್ಟಿನಲ್ಲಿ ಕಾನೂನುಬದ್ಧವಾಗಿ ಕೊಂಡ ಪಿಸ್ತೂಲು ಲಿವರ್‌ಪೂಲಿನ ದೋಣಿ ಹತ್ತಿದರೆ, ಇಳಿಯುವ ಹೊತ್ತಿಗೆ ನಿಷೇಧಿತ ಆಯುಧ. ಇಲ್ಲಿಂದ ಅಲ್ಲಿಗೆ ರೈಫಲ್ ಒಯ್ಯುವವರೂ ಮೊದಲೇ ಅಲ್ಲಿನ ಪೊಲೀಸರ ಒಪ್ಪಿಗೆಪತ್ರ ತರಿಸಿಕೊಳ್ಳಬೇಕು. ಒಂದೇ ಪಾಸ್‌ಪೋರ್ಟಿನ ದೇಶದೊಳಗೆ ಇಷ್ಟು ಗಡಿಗಳಿವೆ.

ಮದ್ದಿನ ಕೈಕೋವಿಯೇ ಬೇಕೆನ್ನುವ ವಯಸ್ಕರಿಗೆ ಲಂಡನ್ನಿನಲ್ಲಿ ಎರಡು ದಾರಿ. ಒಂದು, ನಮ್ಮ ಮಲೆನಾಡಿನ ಕೇಪಿನ ಕೋವಿಯ ತಮ್ಮನಂಥ ಪಿಸ್ತೂಲು: ಬಾಯಿಂದ ಕರಿಮದ್ದು, ಗುಂಡು ತುಂಬಿ, ಕೇಪು ಇಟ್ಟು ಹೊಡೆಯುವಂಥದ್ದು. ಇನ್ನೊಂದು, 30 ಸೆಂಟಿಮೀಟರ್ ನಳಿಗೆಯ, ಹಿಂದೆ ಕಂಬಿ ಚಾಚಿ 60 ಸೆಂಟಿಮೀಟರ್ ಮುಟ್ಟಿಸಿದ ಉದ್ದ ರಿವಾಲ್ವರು. ಅದು ನೋಡಲು ಚೆಲುವಲ್ಲ, ಆದರೆ ಕಾನೂನಿನ ಅಳತೆಗೆ ಸರಿ. ಎರಡೂ 1ನೇ ಸೆಕ್ಷನ್ನಿಗೆ ಸೇರಿದವು. ಮೊದಲು ಗೃಹ ಇಲಾಖೆ ಅನುಮೋದಿಸಿದ ಕ್ಲಬ್ಬಿಗೆ ಸೇರಿ ಕನಿಷ್ಠ ಮೂರು ತಿಂಗಳ ಪರೀಕ್ಷಾರ್ಥ ಸದಸ್ಯತ್ವ ಮುಗಿಸಬೇಕು. 1890ರಲ್ಲಿ ವಿಂಬಲ್ಡನ್ ಬಯಲಿನಿಂದ ಸರ್ರೆಯ ಬಿಸ್ಲಿಗೆ ಹೋದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಮೈದಾನ ಲಂಡನ್ನಿಗರಿಗೆ ಹತ್ತಿರವೇ ಇದೆ. ಆಮೇಲೆ ಅರ್ಜಿ. 32 ಬರೋಗಳಲ್ಲಿ ವಾಸಿಸುವವರು ಮೆಟ್ರೊಪಾಲಿಟನ್ ಪೊಲೀಸರಿಗೆ, ನಡುವಿನ ಒಂದು ಚದರ ಮೈಲಿಯ ಸಿಟಿಯಲ್ಲಿರುವವರು ಸಿಟಿ ಆಫ್ ಲಂಡನ್ ಪೊಲೀಸರಿಗೆ ಹಾಕಬೇಕು. ಇಬ್ಬರು ಪರಿಚಯದಾರರು, ನಿಮ್ಮ ಡಾಕ್ಟರರಿಂದ ಆರೋಗ್ಯದ ಮಾಹಿತಿ, ಗೋಡೆಗೆ ಬಿಗಿದ ಉಕ್ಕಿನ ಕಪಾಟು ಬೇಕು. ಪೊಲೀಸರು ಮನೆಗೆ ಬಂದು ಮಾತಾಡುತ್ತಾರೆ, ಮನೆಯವರನ್ನೂ ಕೇಳಬಹುದು. ಪ್ಲಿಮತ್‌ನಲ್ಲಿ 2021ರ ಆಗಸ್ಟ್‌ನಲ್ಲಿ ಗುಂಡು ಹಾರಿಸಿ ನಡೆಸಿದ ಹತ್ಯೆಗಳ ನಂತರ ಈ ಪರಿಶೀಲನೆ ಬಿಗಿಯಾಗಿದೆ. ಖಿನ್ನತೆಗೆ ಔಷಧ ತೆಗೆದುಕೊಂಡಿದ್ದರೆ ಮುಚ್ಚಿಡಬೇಡಿ. ಹೇಳಿದವರಿಗೆ ಸಿಗಬಹುದು, ಮುಚ್ಚಿಟ್ಟದ್ದು ಗೊತ್ತಾದರೆ ಸಿಗುವುದಿಲ್ಲ. ಕರಿಮದ್ದಿಗೆ ಬೇರೆಯೇ ಸ್ಫೋಟಕ ಪ್ರಮಾಣಪತ್ರ ಬೇಕು.

ಪ್ರಮಾಣಪತ್ರ ಕೈಗೆ ಬಂದಿತೆಂದರೆ ಬೇಕಾದ್ದು ಕೊಳ್ಳಬಹುದು ಎಂದಲ್ಲ. ಯಾವ ಬಗೆ, ಯಾವ ಅಳತೆ, ಎಷ್ಟು ಎಂದು ಅದರಲ್ಲೇ ಬರೆದಿರುತ್ತದೆ. ಬರೆದದ್ದಕ್ಕೆ ಮಾತ್ರ ಖರೀದಿಯ ಹಕ್ಕು. ಮಾರುವವರು ನಿಮ್ಮ ಪತ್ರ ನೋಡಿ, ಅದರಲ್ಲಿ ವಿವರ ತುಂಬಿ, ಮುಖಾಮುಖಿ ಕೊಡಬೇಕು. ಏಳು ದಿನದೊಳಗೆ ಇಬ್ಬರೂ ತಮ್ಮ ತಮ್ಮ ಪೊಲೀಸರಿಗೆ ತಿಳಿಸಬೇಕು. ಮಾರುವವರು ಲೀಡ್ಸ್‌ನಲ್ಲೋ ಕಾರ್ಡಿಫ್‌ನಲ್ಲೋ ಇದ್ದರೆ ಅಂಚೆಯಲ್ಲಿ ಕಳಿಸಿಕೊಳ್ಳುವಂತಿಲ್ಲ. ಅಲ್ಲಿನ ನೋಂದಾಯಿತ ವ್ಯಾಪಾರಿಯಿಂದ ನಿಮ್ಮ ಊರಿನ ವ್ಯಾಪಾರಿಗೆ ಬರುತ್ತದೆ, ನೀವು ಹೋಗಿ ಪತ್ರ ತೋರಿಸಿ ತರಬೇಕು. ತುಸು ಖರ್ಚು ಹೆಚ್ಚು, ಆದರೆ ಪ್ರತಿ ಕೈಬದಲಿಗೂ ಕಾಗದ ಉಳಿಯುತ್ತದೆ.

ಸಂಗ್ರಾಹಕರಿಗೆ 1997ರ ಕಾಯ್ದೆಯ 7ನೇ ಸೆಕ್ಷನ್ ಇದೆ. 1919ಕ್ಕಿಂತ ಹಿಂದಿನ, ತೋಟಾ ಸುಲಭವಾಗಿ ಸಿಗದ ಕೈಕೋವಿಯನ್ನು ಪ್ರಮಾಣಪತ್ರದೊಂದಿಗೆ, ತೋಟಾ ಇಲ್ಲದೆ, ಸಂಗ್ರಹದ ಭಾಗವಾಗಿ ಮನೆಯಲ್ಲಿಡಬಹುದು. ಚಾರಿತ್ರಿಕ ಮಹತ್ವದ ಇತರ ಕೈಕೋವಿಗಳನ್ನು ಬಿಸ್ಲಿಯಂಥ ಗೊತ್ತುಪಡಿಸಿದ ಸ್ಥಳದಲ್ಲಿಟ್ಟು ಅಲ್ಲಿಗೇ ಹೋಗಿ ನೋಡಬೇಕು. ಗೋಡೆಗೆ ತೂಗುಹಾಕುವ ಆಸೆ ಮಾತ್ರ ಇದ್ದವರಿಗೆ ನಿಷ್ಕ್ರಿಯಗೊಳಿಸಿದ ಬಂದೂಕು ಸಾಕು. ಪೂರ್ವ ಲಂಡನ್ನಿನ ಕಮರ್ಷಿಯಲ್ ರಸ್ತೆಯಲ್ಲಿ, 1637ರ ಸನ್ನದಿನ ಗನ್‌ಮೇಕರ್ಸ್ ಕಂಪನಿಯ ಪ್ರೂಫ್ ಹೌಸ್ ಇದೆ. ನಿಷ್ಕ್ರಿಯವಾಗಿದೆ ಎಂದು ಮುದ್ರೆ ಒತ್ತಿ ಪ್ರಮಾಣಪತ್ರ ಕೊಡುವುದು ಇಂಥ ಸಂಸ್ಥೆಯೇ. ಆ ಪತ್ರವಿಲ್ಲದೆ, "ಪಿನ್ ತೆಗೆದುಹಾಕಿದೆ, ಹೊಡೆಯಲ್ಲ" ಎಂಬ ಮಾತಿಗೆ ಬೆಲೆಯಿಲ್ಲ. ನಿಷ್ಕ್ರಿಯವಾದದ್ದನ್ನು ಇನ್ನೊಬ್ಬರಿಗೆ ಕೊಡುವಾಗಲೂ ಗೃಹ ಇಲಾಖೆಗೆ ತಿಳಿಸಬೇಕು.

ಅಜ್ಜನ ನೆನಪಿಗೆ ಏನೂ ತರಲಾಗದು ಎಂದಲ್ಲ. ಠೇವಣಿಗೆ ಕೊಡುವ ಮುನ್ನ ಕೋವಿಯ ನಂಬರು, ಕೆತ್ತನೆ, ಮುದ್ರೆಗಳ ಫೋಟೊ ತೆಗೆಸಿ. ಅಜ್ಜನ ಸಹಿ ಇರುವ ಹಳೆಯ ಲೈಸೆನ್ಸ್ ಪುಸ್ತಕ ಠಾಣೆಗೆ ಬೇಡವಾದರೆ ಬಿಡಿಸಿಕೊಳ್ಳಿ, ಅದು ಲಂಡನ್ನಿಗೆ ಬರಬಹುದು. ಚರ್ಮದ ಚೀಲವೂ ಬರಬಹುದು. ಆದರೆ ಸೂಟ್‌ಕೇಸಿಗೆ ಹಾಕುವ ಮುಂಚೆ ಹಗಲ ಬೆಳಕಿನಲ್ಲಿ ಅದರ ಪ್ರತಿ ಮಡಿಕೆ ಬಿಡಿಸಿ, ಸೊಂಟಪಟ್ಟಿಯಲ್ಲಿ ತೋಟಾ ಸಿಕ್ಕಿಸುವ ಒಂದೊಂದು ಕುಣಿಕೆಗೂ ಬೆರಳು ಹಾಕಿ ನೋಡಿ. ಮರೆತು ಉಳಿದ ಒಂದೇ ತೋಟಾ ಸಾಕು, ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ನಿಮ್ಮ ಪ್ರಯಾಣ ನಿಲ್ಲುತ್ತದೆ.